ಒಳಗಿನ ಎಣ್ಣೆ ಯಾವ್ದು ಅಂತ ಕೇಳ್ರಮ್ಮ

ಬ್ಯಾಟ್ರಿ ಗಾಡಿಗೆ ಬೆಂಕಿ ಬಿತ್ತು ಅಂತ ಟೀವಿಯಾಗೆ ಬಂದಾಗೆಲ್ಲ ಅದರ ಹಿಂದೇನೇ ಒಂದು ಮಾತು ಹುಟ್ಟತೈತೆ. "ರಾತ್ರಿಯೆಲ್ಲ ಚಾರ್ಜಿಗೆ ಹಾಕಿ ಮಲಗಿದ್ರಂತೆ." ಚಾರ್ಜಿಗೆ ಹಾಕಿದ್ದು ಯಾರು? ಮನೆ ಹೆಣ್ಮಗಳು. ಪಿನ್ನು ಕೀಳದೆ ಬಿಟ್ಟಿದ್ದು ಯಾರು? ಅವಳೇ. ಅಲ್ಲಿಗೆ ವಿಚಾರಣೆ ಮುಗೀತು, ಎಲ್ಲಾರೂ ಊಟ ಮಾಡಿ ಮಲಗಿದ್ರು.

ಈ ನ್ಯಾಯ ನಾನು ಒಪ್ಪಲ್ಲ. ಹತ್ತಿ ಉರಿಯೋ ಸರಕನ್ನ ಡಬ್ಬಿ ಒಳಗೆ ತುಂಬೋರು ಒಬ್ರು, ಲಾಭ ಎಣಿಸೋರು ಇನ್ನೊಬ್ರು, ರಾತ್ರಿ ನಿದ್ದೆಗೆಟ್ಟು ಕಾಯೋರು ಮಾತ್ರ ನಾವು ಅಂದ್ರೆ ಅದು ಎಲ್ಲಿಯ ಹಂಚಿಕೆ? ಅಕ್ಕಂದಿರು, ಅತ್ತೆಯರು, ಪಕ್ಕದ ಬೀದಿ ತಾಯಂದಿರು ಎಲ್ಲಾರೂ ಇದನ್ನ ಒಂದ್ಸಲ ತಲೆಗೆ ಹಾಕ್ಕಳ್ರಿ ಅಂತಾನೇ ಇಷ್ಟುದ್ದ ಬರೀತಿದೀನಿ.

ಈ ಆಟ ನಮಗೇನು ಹೊಸದಲ್ಲ. ಸೀಮೆಎಣ್ಣೆ ಪಂಪ್ ಸ್ಟೌವ್ ಕಾಲ ನೆನಪೈತಾ? ಸ್ಟೌವ್ ಸಿಡಿದು ಸೊಸೆ ಸುಟ್ಟುಹೋದ್ರೆ "ನೈಲಾನ್ ಸೀರೆ ಉಟ್ಟಿದ್ಲಂತೆ, ಪಂಪು ಜಾಸ್ತಿ ಹೊಡೆದ್ಲಂತೆ" ಅಂತಿದ್ರು. ಕೆಲವು ಕಡೆ ಅದರ ಹಿಂದೆ ಬೇರೆ ಕಥೆನೇ ಇರ್ತಿತ್ತು, ಅದು ನಿಮಗೂ ಗೊತ್ತು. ಕಥೆ ಯಾವ್ದೇ ಇರಲಿ, ತಪ್ಪು ಮಾತ್ರ ಒಲೆ ಮುಂದೆ ಕುಂತವಳದು. ಒಲೆ ಮಾಡಿದವನ ಹೆಸರು ಯಾರ ಬಾಯಾಗೂ ಬರ್ತಿರಲಿಲ್ಲ.

ಗ್ಯಾಸ್ ಬಂದಾಗ ಸ್ವಲ್ಪ ಬುದ್ಧಿ ಬಂತು. ಗ್ಯಾಸಿಗೆ ವಾಸನೆ ಇರಲ್ಲ, ಸೋರಿದ್ರೆ ಗೊತ್ತಾಗ್ಲಿ ಅಂತ ಬೇಕಂತ್ಲೇ ಗಬ್ಬು ವಾಸನೆ ಬೆರೆಸ್ತಾರೆ. ಸಿಲಿಂಡರ್ ಕತ್ತಿನ ಪಟ್ಟಿ ಮೇಲೆ ಎ, ಬಿ, ಸಿ, ಡಿ ಅಂತ ಒಂದು ಅಕ್ಷರ, ಪಕ್ಕದಾಗೆ ಇಸವಿ ಬರೆದಿರ್ತಾರೆ. ಎ ಅಂದ್ರೆ ಜನವರಿಯಿಂದ ಮಾರ್ಚ್, ಬಿ ಅಂದ್ರೆ ಏಪ್ರಿಲ್‌ನಿಂದ ಜೂನ್, ಹಂಗೇ ಮುಂದಕ್ಕೆ. ಆ ಹೊತ್ತಿಗೆ ಸಿಲಿಂಡರ್ ಮತ್ತೆ ಪರೀಕ್ಷೆಗೆ ಹೋಗ್ಬೇಕು ಅಂತ ಅದರ ಅರ್ಥ. ಓದಕ್ಕೆ ಬರದ ಅಜ್ಜಿನೂ ಆ ಅಕ್ಷರದ ಲೆಕ್ಕ ಕಲಿತವಳೆ. ಅಂದ್ರೆ ಸುರಕ್ಷತೆಯನ್ನ ವಸ್ತುವಿನ ಒಳಗೇ ಇಡಬಹುದು, ಹೊರಗೆ ಕಾಣಂಗೆ ಬರೀಬಹುದು. ಗ್ಯಾಸಿಗೆ ಆಗಿದ್ದು ಬ್ಯಾಟ್ರಿಗೆ ಯಾಕೆ ಆಗಲ್ಲ?

ಈಗ ಡಬ್ಬಿ ಒಳಗೆ ಏನೈತೆ ನೋಡಣ. ಲಿಥಿಯಂ ಬ್ಯಾಟ್ರಿ ಅಂದ್ರೆ ಸಣ್ಣ ಸಣ್ಣ ಸೆಲ್‌ಗಳ ಗೊಂಚಲು. ಒಂದೊಂದು ಸೆಲ್ಲಿನಾಗೂ ಎರಡು ತಗಡಿನ ಹಾಳೆ, ಅವೆರಡೂ ಮುಟ್ಟದಂಗೆ ನಡುವೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಪ್ಲಾಸ್ಟಿಕ್ ಪರದೆ. ಇವನ್ನೆಲ್ಲ ನೆನೆಸಿಡೋ ಒಂದು ರಸ. ಚಾರ್ಜಿಗೆ ಹಾಕಿದಾಗ ಲಿಥಿಯಂ ಒಂದು ಹಾಳೆಯಿಂದ ಇನ್ನೊಂದಕ್ಕೆ ಹೋಗತೈತೆ, ಗಾಡಿ ಓಡಿಸಿದಾಗ ವಾಪಸ್ ಬರತೈತೆ. ಅದು ಈಜಿಕೊಂಡು ಹೋಗೋ ಕಾಲುವೆ ನೀರು ಇದ್ದಂಗೆ ಆ ರಸ. ಅದಕ್ಕೆ ಇಲೆಕ್ಟ್ರೋಲೈಟ್ ಅಂತ ಹೆಸರು.

ನೀರನ್ನೇ ಯಾಕೆ ಹಾಕಲ್ಲ ಅಂತ ಕೇಳಿದ್ರೆ, ಒಂದೂಕಾಲು ವೋಲ್ಟ್ ಹತ್ತಿರ ಹೋಗ್ತಿದ್ದಂಗೆ ನೀರು ಒಡೆದು ಗಾಳಿಯಾಗಕ್ಕೆ ಸುರುವಾಗತೈತೆ. ಲಿಥಿಯಂ ಸೆಲ್ ಇರೋದೇ ಮೂರರಿಂದ ನಾಲ್ಕು ವೋಲ್ಟ್. ಅದಕ್ಕೇ ಕಾರ್ಬೊನೇಟ್ ಅಂಬೋ ಜಾತಿಯ ದ್ರಾವಕಗಳಾಗೆ ಲಿಥಿಯಂ ಉಪ್ಪು ಕರಗಿಸಿ ತುಂಬ್ತಾರೆ. 1991ರಾಗೆ ಜಪಾನಿನ ಸೋನಿ ಕಂಪನಿ ಮೊದಲ ಲಿಥಿಯಂ ಅಯಾನ್ ಬ್ಯಾಟ್ರಿ ಮಾರಾಟಕ್ಕೆ ತಂದಾಗಿಂದ ರಸದ ಜಾತಿ ಹೆಚ್ಚುಕಮ್ಮಿ ಇದೇನೇ.

ಚಳ್ಳಕೆರೆ ಎಣ್ಣೆ ಮಿಲ್ಲಿನ ಸೀಮೆಯವರು ನಾವು, ಎಣ್ಣೆ ಲೆಕ್ಕ ನಮಗೆ ಯಾರೂ ಹೇಳ್ಕೊಡ್ಬೇಕಿಲ್ಲ. ಶೇಂಗಾ ಎಣ್ಣೆ ಆವಿಗೆ ಬೆಂಕಿ ಹತ್ತಬೇಕಾದ್ರೆ ಎಣ್ಣೆ ಸುಮಾರು 300 ಡಿಗ್ರಿ ಕಾಯಬೇಕು. ಅದಕ್ಕೇ ಬಾಣಲೆ ಮುಂದೆ ನಿಂತು ಧೈರ್ಯವಾಗಿ ಬಜ್ಜಿ ಕರೀತೀವಿ. ಸೀಮೆಎಣ್ಣೆಗೆ 35 ಡಿಗ್ರಿ ದಾಟಿದ್ರೆ ಸಾಕು, ಆವಿ ಕಿಡಿ ಹಿಡೀತೈತೆ. ಬ್ಯಾಟ್ರಿ ರಸದಾಗೆ ಬೆರೆಸೋ ಡೈಮೀಥೈಲ್ ಕಾರ್ಬೊನೇಟ್ ಅಂಬೋದಕ್ಕೆ 17–18 ಡಿಗ್ರಿ ಸಾಕು. ನಮ್ಮ ಬಯಲುಸೀಮೆಯಾಗೆ ಅಷ್ಟು ತಣ್ಣಗಿರೋದು ಯಾವಾಗ? ಕಾರ್ತಿಕದ ಬೆಳಗಿನ ಜಾವ. ಅಂದ್ರೆ ಸೀಮೆಎಣ್ಣೆಗಿಂತ ಬೇಗ ಹತ್ತೋದನ್ನ ಪಡಸಾಲೆಯಾಗೆ ಇಟ್ಕಂಡು ಮಲಗ್ತಿದೀವಿ.

ಹೆದರಿಸಕ್ಕೆ ಹೇಳ್ತಿಲ್ಲ. ಡಬ್ಬಿ ಬಿಗಿಯಾಗಿ ಮುಚ್ಚಿರತೈತೆ, ಕಿಡಿ ಇಲ್ಲ, ಗಾಳಿ ಇಲ್ಲ, ಅದಕ್ಕೇ ದಿನಾ ಏನೂ ಆಗಲ್ಲ. ಕೆಟ್ಟಾಗ ಏನಾಗತೈತೆ ಅಂಬೋದೇ ಪ್ರಶ್ನೆ. ಸೆಲ್ ಮಾಡುವಾಗಲೇ ಒಳಗೆ ಕಸ ಸೇರಿರಬಹುದು, ಗಾಡಿ ಬಿದ್ದು ಜಜ್ಜಿರಬಹುದು, ಚಾರ್ಜರ್ ಕಳಪೆ ಇರಬಹುದು. ಸೆಲ್ ಒಳಗೆ 100 ಡಿಗ್ರಿ ಆಸುಪಾಸಿಗೆ ಬಂತು ಅಂದ್ರೆ ಅದು ತನ್ನಷ್ಟಕ್ಕೆ ತಾನೇ ಕಾಯಕ್ಕೆ ಸುರು ಮಾಡತೈತೆ. 130ರ ಹತ್ತಿರ ಆ ಪ್ಲಾಸ್ಟಿಕ್ ಪರದೆ ಕರಗತೈತೆ. ಎರಡು ಹಾಳೆ ಮುಟ್ಟಿದ್ವು ಅಂದ್ರೆ ಒಳಗೇ ಶಾರ್ಟು. ನಿಕಲ್, ಕೋಬಾಲ್ಟ್ ಇರೋ ಸೆಲ್ ಆದ್ರೆ 200 ಡಿಗ್ರಿ ದಾಟಿದ ಮೇಲೆ ಅದರೊಳಗಿಂದ್ಲೇ ಆಮ್ಲಜನಕ ಬರಕ್ಕೆ ಹತ್ತತೈತೆ. ಕಟ್ಟಿಗೆ, ಸೀಮೆಎಣ್ಣೆ, ತಿದಿ ಮೂರೂ ಒಂದೇ ಡಬ್ಬಿಯಾಗೆ ಇದ್ದಂಗೆ. ಗೋಣಿಚೀಲ ಹಾಕಿ ಮುಚ್ಚಿದ್ರೂ ಆರಲ್ಲ. ಆ ಉಪ್ಪಿನಿಂದ ಹುಟ್ಟೋ ಹೊಗೆ ಸಾಮಾನ್ಯ ಹೊಗೆಯಲ್ಲ, ಹೈಡ್ರೋಫ್ಲೋರಿಕ್ ಆಮ್ಲದ ವಿಷ ಅದರಾಗೆ ಇರತೈತೆ.

ಹಿಂಗೆ ಆಗಿದ್ದು ದೂರದ ದೇಶದಾಗಲ್ಲ. 2022ರ ಮಾರ್ಚ್‌ನಾಗೆ ವೆಲ್ಲೂರಿನಾಗೆ ರಾತ್ರಿ ಮನೆಯಾಗೆ ಚಾರ್ಜಿಗೆ ಹಾಕಿದ್ದ ಗಾಡಿ ಹೊತ್ತಿ ಅಪ್ಪ, ಮಗಳು ಸತ್ತರು. ಮುಂದಿನ ತಿಂಗಳೇ ವಿಜಯವಾಡದಾಗೆ ಮಲಗೋ ಕೋಣೆಯಾಗೆ ಚಾರ್ಜಿಗಿಟ್ಟಿದ್ದ ಬ್ಯಾಟ್ರಿ ಸಿಡಿದು ಮನೆ ಯಜಮಾನ ಹೋದ, ಹೆಂಡ್ತಿ ಮಕ್ಕಳಿಗೆ ಸುಟ್ಟ ಗಾಯ. ಅದೇ ವರ್ಷ ಸೆಪ್ಟೆಂಬರ್ 12ರ ರಾತ್ರಿ ಸಿಕಂದರಾಬಾದಿನಾಗೆ ಕೆಳಗೆ ಬ್ಯಾಟ್ರಿ ಗಾಡಿ ಶೋರೂಮು, ಮೇಲೆ ಲಾಡ್ಜು ಇದ್ದ ಕಟ್ಟಡದಾಗೆ ಬೆಂಕಿ ಎದ್ದು 8 ಜನ ತೀರಿಹೋದ್ರು. ಆ ಹೊಗೆ ಮೆಟ್ಟಿಲು ಹತ್ತಿಕೊಂಡು ಮೇಲೆ ಹೋಗಿತ್ತು.

ನಮ್ಮೂರ ಮನೆಗಳನ್ನ ಒಮ್ಮೆ ಕಣ್ಮುಂದೆ ತಂದ್ಕಳ್ರಿ. ಎಷ್ಟು ಮನೆಗೆ ಎರಡು ಬಾಗಿಲು ಐತೆ? ಗಾಡಿ ಕಳ್ಳರ ಪಾಲಾಗ್ತದೆ ಅಂತ ರಾತ್ರಿ ಬಾಗಿಲ ಒಳಗೇ, ಪಡಸಾಲೆಯಾಗೆ ನಿಲ್ಲಿಸ್ತೀವಿ. ಸ್ವಿಚ್ಚು ಇರೋದೂ ಅಲ್ಲೇ. ಅದರ ಆಚೆಗೆ ನಡುಮನೆ, ಅಲ್ಲಿ ಮಕ್ಕಳು ಮಲಗಿರ್ತಾವೆ. ನೇಯೋರ ಮನೆಯಾದ್ರೆ ಪಕ್ಕದಾಗೇ ಮಗ್ಗದ ಗುಂಡಿ, ರೇಷ್ಮೆ ಹಾಸು. ಮೊಳಕಾಲ್ಮುರು ಸೀರೆ ಒಂದೊಂದು ವಾರಗಟ್ಟಲೆ ಕೂತು ನೇಯ್ದಿದ್ದು. ಒಕ್ಕಲು ಮನೆಯಾದ್ರೆ ಶೇಂಗಾ ಚೀಲ. ಬೆಂಕಿ ಎದ್ದಿದ್ದು ಬಾಗಿಲಾಗೇ ಆದ್ರೆ ಹೊರಗೆ ಹೋಗೋದು ಎಲ್ಲಿಂದ? ಅಗ್ನಿಶಾಮಕದ ಗಾಡಿ ತಾಲೂಕಿನಿಂದ ಬರೋ ಹೊತ್ತಿಗೆ ಏನು ಉಳಿದಿರತೈತೆ?

"ಪೆಟ್ರೋಲ್ ಗಾಡಿನೂ ಉರೀತಾವಲ್ಲಮ್ಮ" ಅಂತ ಗಂಡಸರು ಹೇಳ್ತಾರೆ. ನಿಜ. ನಾನೇನು ಪೆಟ್ರೋಲಿಗೆ ವಾಪಸ್ ಹೋಗ್ರಿ ಅಂತ ಅಂದಿಲ್ಲ. ಬ್ಯಾಟ್ರಿ ಗಾಡಿ ಬಂದ ಮೇಲೆ ನಮ್ಮ ಹುಡುಗೀರು ಯಾರನ್ನೂ ಕಾಯದೆ ಕಾಲೇಜಿಗೆ ಹೋಗ್ತಾವೆ, ಅಂಗನವಾಡಿ ಟೀಚರು, ಆಶಾ ಅಕ್ಕಂದಿರು ಹಳ್ಳಿ ಹಳ್ಳಿ ತಿರುಗ್ತಾರೆ. ಅದು ಬೇಕು. ಆದ್ರೆ ಪೆಟ್ರೋಲನ್ನ ಯಾರೂ ರಾತ್ರಿಯೆಲ್ಲ ಕರೆಂಟಿಗೆ ಸಿಕ್ಕಿಸಿ ಮಲಗೋ ಮಂಚದ ಪಕ್ಕ ಇಡಲ್ಲ. ಇಟ್ರೆ ವಾಸನೆನೇ ಎಬ್ಬಿಸತೈತೆ. ಬ್ಯಾಟ್ರಿ ರಸಕ್ಕೆ ಅಂಥಾ ವಾಸನೆ ಇಲ್ಲ, ಬಾಯಿ ಇಲ್ಲ.

"ಬಿಎಂಎಸ್ ಐತೆ, ಅದೇ ನೋಡ್ಕಳತೈತೆ" ಅಂಬೋದು ಇನ್ನೊಂದು ವಾದ. ಅದು ಬ್ಯಾಟ್ರಿ ಕಾಯೋ ಒಂದು ಸರ್ಕ್ಯೂಟು. ಜಾಸ್ತಿ ಚಾರ್ಜ್ ಆದ್ರೆ, ಬಿಸಿ ಆದ್ರೆ ಕರೆಂಟು ತುಂಡು ಮಾಡತೈತೆ. ಒಳ್ಳೇದೇ. ಆದ್ರೆ ಕಾವಲುಗಾರನ್ನ ಇಟ್ಟ ಮಾತ್ರಕ್ಕೆ ಉಗ್ರಾಣದಾಗಿನ ಮದ್ದು ಮರಳಾಗಲ್ಲ. ಸೆಲ್ ಒಳಗೇ ಶಾರ್ಟ್ ಆದ್ರೆ ಹೊರಗಿನ ಕಾವಲುಗಾರ ಏನೂ ಮಾಡಂಗಿಲ್ಲ.

ಸರ್ಕಾರ ಸುಮ್ಮನೆ ಕೂತಿಲ್ಲ, ಅದನ್ನೂ ಹೇಳ್ಬೇಕು. 2022ರ ಬೆಂಕಿಗಳಾದ ಮೇಲೆ ಎಐಎಸ್ 156 ಅಂಬೋ ನಿಯಮವನ್ನ ಬಿಗಿ ಮಾಡಿ ಆ ಡಿಸೆಂಬರ್ 1ರಿಂದ ಒಂದು ಹಂತ, 2023ರ ಮಾರ್ಚ್ 31ರಿಂದ ಇನ್ನೊಂದು ಹಂತ ಜಾರಿಗೆ ತಂದ್ರು. ಒಂದು ಸೆಲ್ ಕಾದ್ರೆ ಪಕ್ಕದ್ದಕ್ಕೆ ಹಬ್ಬದಂಗೆ ಪರೀಕ್ಷೆ, ಕಾದದ್ದು ಗೊತ್ತಾಗೋ ಎಚ್ಚರಿಕೆ, ಇವೆಲ್ಲ ಅದರಾಗೆ ಬಂದ್ವು. ಆದ್ರೆ 250 ವ್ಯಾಟ್ ಒಳಗಿನ, ಗಂಟೆಗೆ 25 ಕಿಲೋಮೀಟರ್ ದಾಟದ ಗಾಡಿ ಮೋಟಾರು ವಾಹನ ಅಂತ ಲೆಕ್ಕಕ್ಕೇ ಬರಲ್ಲ. ನಂಬರ್ ಪ್ಲೇಟಿಲ್ಲ, ಲೈಸೆನ್ಸಿಲ್ಲ. ಅದನ್ನ ಕೊಳ್ಳೋರು ಯಾರು ಹೇಳ್ರಿ? ಮಗಳಿಗೆ ಸ್ಪೀಡ್ ಬೇಡ ಅನ್ನೋ ಅಪ್ಪ, ವಯಸ್ಸಾದೋರು, ನಮ್ಮಂಥ ಹೆಂಗಸರು. ಕಾನೂನಿನ ಕಣ್ಣು ತಪ್ಪಿದ ಗಾಡಿನೇ ಹೆಂಗಸರ ಗಾಡಿ. ಇನ್ನು ಹಳೇ ಬ್ಯಾಟ್ರಿ ಸತ್ತ ಮೇಲೆ ಅಗ್ಗಕ್ಕೆ ಕಟ್ಟಿಕೊಡೋ ಪ್ಯಾಕು, ಔಷಧಿ ಹೊಡೆಯೋ ಪಂಪಿನ ಬ್ಯಾಟ್ರಿ, ಇವನ್ನ ಯಾರು ನೋಡ್ತಾರೆ?

ಹೋದ ವರ್ಷ ಗಾಡಿ ನೋಡಕ್ಕೆ ಒಂದು ಅಂಗಡಿಗೆ ಹೋಗಿದ್ದೆ. ಎಷ್ಟು ಕಿಲೋಮೀಟರ್ ಓಡತೈತೆ, ಬಣ್ಣ ಯಾವ್ಯಾವು, ಕಂತು ಎಷ್ಟು, ಎಲ್ಲ ಪಟಪಟ ಹೇಳಿದ ಹುಡುಗ. "ಸೆಲ್ ಯಾವ ಜಾತಿದಪ್ಪ, ಎಲ್‌ಎಫ್‌ಪಿನಾ, ನಿಕಲ್‌ದಾ?" ಅಂದೆ. ನಕ್ಕ. "ಸಾರ್ ಬಂದಿಲ್ವಾ ಮೇಡಂ?" ಅಂದ. ಸಾರ್ ಬಂದಿದ್ರೆ ಬಣ್ಣ ಕೇಳ್ತಿದ್ರು. ನಾನು ಗಾಡಿ ತಗಳದೆ ವಾಪಸ್ ಬಂದೆ.

ಯಾಕೆ ಆ ಪ್ರಶ್ನೆ ಅಂದ್ರೆ, ಬ್ಯಾಟ್ರಿ ಎಲ್ಲಾನೂ ಒಂದೇ ಅಲ್ಲ. ಎಲ್‌ಎಫ್‌ಪಿ ಅಂದ್ರೆ ಲಿಥಿಯಂ ಐರನ್ ಫಾಸ್ಫೇಟ್, ಕಬ್ಬಿಣ ಮತ್ತು ರಂಜಕದ್ದು. ಅಮೆರಿಕದ ಟೆಕ್ಸಾಸ್‌ನಾಗೆ ಜಾನ್ ಗುಡ್‌ಇನಫ್ ಅಂಬೋ ಹಿರಿಯ ವಿಜ್ಞಾನಿ ಜೊತೆ ಒಡಿಶಾ ಮೂಲದ ಅಕ್ಷಯ ಪಾಢಿ ಮುಂತಾದವರು ಮಾಡಿದ ಕೆಲಸ, 1997ರಾಗೆ ಪ್ರಕಟ ಆತು. ಗುಡ್‌ಇನಫ್ ಅವರಿಗೆ 2019ರಾಗೆ ನೊಬೆಲ್ ಬಂದಾಗ 97 ವರ್ಷ. ಈ ಜಾತಿಯಾಗೆ ಆಮ್ಲಜನಕವನ್ನ ರಂಜಕ ಗಟ್ಟಿಯಾಗಿ ಹಿಡ್ಕಂಡಿರತೈತೆ, ಸುಲಭಕ್ಕೆ ಬಿಡಲ್ಲ. ತಿದಿ ಇಲ್ಲದ ಒಲೆ ಇದ್ದಂಗೆ. ಕೆಟ್ಟರೂ ನಿಧಾನಕ್ಕೆ, ಕಮ್ಮಿ ಕಾವಿನಾಗೆ ಕೆಡತೈತೆ. ತೂಕ ಸ್ವಲ್ಪ ಜಾಸ್ತಿ, ಅದೇ ತೂಕಕ್ಕೆ ಓಡೋ ದೂರ ಸ್ವಲ್ಪ ಕಮ್ಮಿ. ಕೊಂಡ್ಲಹಳ್ಳಿಯಿಂದ ಚಳ್ಳಕೆರೆಗೆ ಹೋಗಿ ಸಂತೆ ಮಾಡ್ಕಂಡು ಬರೋರಿಗೆ ನೂರೈವತ್ತು ಕಿಲೋಮೀಟರ್ ಓಡೋ ಬ್ಯಾಟ್ರಿ ಯಾಕೆ ಬೇಕು?

ಆದ್ರೂ ಇಲ್ಲೊಂದು ಮಾತು ಮುಚ್ಚಿಡಬಾರದು. ಎಲ್‌ಎಫ್‌ಪಿಯಾಗೂ ರಸ ಅದೇ, ಹತ್ತೋ ರಸಾನೇ. ತಿದಿ ಹೋತು, ಸೀಮೆಎಣ್ಣೆ ಉಳೀತು. ಅದಕ್ಕೇ ಅಸಲಿ ಜಗಳ ಇರೋದು ರಸದ ಮೇಲೆ.

ಹತ್ತದ ರಸ ಮಾಡಕ್ಕೆ ಜಗತ್ತಿನಾಗೆ ಮೂರ್ನಾಲ್ಕು ದಾರಿ ಹಿಡಿದಾರೆ. ಇರೋ ರಸಕ್ಕೇ ಬೆಂಕಿ ತಡೆಯೋ ರಂಜಕದ ಪದಾರ್ಥ ಬೆರೆಸೋದು ಒಂದು. ಜಾಸ್ತಿ ಬೆರೆಸಿದ್ರೆ ಬ್ಯಾಟ್ರಿ ಆಯಸ್ಸು ಕಮ್ಮಿ, ಉಪ್ಪು ಜಾಸ್ತಿಯಾದ ಸಾರು ಇದ್ದಂಗೆ. ರಸದ ಬದಲು ಪ್ಲಾಸ್ಟಿಕ್ಕಿನಂಥ ಪಾಲಿಮರ್ ಹಾಕೋದು ಎರಡನೇದು. ಪಿಂಗಾಣಿಯಂಥ ಗಟ್ಟಿ ಬಿಲ್ಲೆ ಹಾಕೋದು ಮೂರನೇದು. ಇದರಾಗೆ ನಮ್ಮ ಕಡೆಯವರ ಕೈನೂ ಐತೆ. ಲ್ಯಾಂಥನಮ್, ಜಿರ್ಕೋನಿಯಂ ಸೇರಿದ ಗಾರ್ನೆಟ್ ಅಂಬೋ ಬಿಲ್ಲೆಯಾಗೆ ಲಿಥಿಯಂ ಸಲೀಸಾಗಿ ಓಡತೈತೆ ಅಂತ 2007ರಾಗೆ ತೋರಿಸಿದವರು ರಾಮಸ್ವಾಮಿ ಮುರುಗನ್, ವೆಂಕಟರಾಮನ್ ತಂಗದೊರೈ ಮತ್ತೆ ಜರ್ಮನಿಯ ವರ್ನರ್ ವೆಪ್ನರ್. ಮುರುಗನ್ ಪಾಂಡಿಚೇರಿ ವಿಶ್ವವಿದ್ಯಾಲಯದಾಗೆ ಮೇಷ್ಟ್ರಾಗಿದ್ದೋರು. ಆ ಬಿಲ್ಲೆಗೆ ಬೆಂಕಿ ಇಟ್ರೂ ಹತ್ತಲ್ಲ.

ಹಂಗಾದ್ರೆ ಯಾಕೆ ಅಂಗಡಿಗೆ ಬಂದಿಲ್ಲ? ಬಿಲ್ಲೆಗೂ ಲಿಥಿಯಂ ಹಾಳೆಗೂ ನಡುವೆ ಕಣ್ಣಿಗೆ ಕಾಣದ ಪೊಳ್ಳು ಬೀಳತೈತೆ. ರೊಟ್ಟಿ ಹೆಂಚಿನಾಗೆ ನೋಡಿಲ್ವಾ, ರೊಟ್ಟಿ ಉಬ್ಬಿ ಎದ್ದ ಕಡೆ ಬೇಯಲ್ಲ, ಅಂಟಿದ ಅಂಚಿನಾಗೆ ಸೀದುಹೋಗತೈತೆ. ಅಲ್ಲೂ ಹಂಗೇ, ಪೊಳ್ಳಿನ ಅಂಚಿನಾಗೆ ಕರೆಂಟು ಗುಂಪುಗೂಡಿ ಲಿಥಿಯಂ ಕರಿಕೆ ಬೇರಿನಂಗೆ ಬಿಲ್ಲೆಯನ್ನ ಸೀಳ್ಕಂಡು ಬೆಳೀತೈತೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಾಗೆ ನಾಗ ಫಣಿ ಏಟುಕೂರಿ ಅವರ ತಂಡ ಅಮೆರಿಕದ ಕಾರ್ನೆಗೀ ಮೆಲನ್‌ನವರ ಜೊತೆ ಸೇರಿ 2022ರಾಗೆ ಇದನ್ನೇ ತೋರಿಸ್ತು. ನಡುವೆ ಟಂಗ್‌ಸ್ಟನ್ ಅಥವಾ ಮಾಲಿಬ್ಡಿನಂನ ತೆಳ್ಳನೆ ಲೇಪ ಕೊಟ್ರೆ ಪೊಳ್ಳು ಬೀಳೋದು ತಡವಾಗತೈತೆ, ಬೇರು ಬೇಗ ಬೆಳೆಯಲ್ಲ ಅಂತ ಹೇಳ್ತು. ಒಳ್ಳೇ ಕೆಲಸ.

ಈಗ ಕಂಪನಿಯವರು ಅಂತಾರೆ, "ಘನ ಬ್ಯಾಟ್ರಿ ಇನ್ನೇನು ಬಂತು, ಬಂದ್ರೆ ಎಲ್ಲ ಸರಿಹೋಗತೈತೆ." ಎರಡು ಕಾರಣಕ್ಕೆ ನಾನು ಈ ಮಾತಿಗೆ ತಲೆ ಆಡಿಸಲ್ಲ. ನಾಳೆ ಬರೋ ಮಳೆ ನಂಬ್ಕಂಡು ಇವತ್ತಿನ ಕೊಡ ಚೆಲ್ಲೋಳು ನಮ್ಮ ಬರದ ಸೀಮೆಯಾಗೆ ಯಾರೂ ಇಲ್ಲ. ಇವತ್ತು ಮಾರೋ ಗಾಡಿಗೆ ಇವತ್ತೇ ಜವಾಬು ಕೊಡ್ಬೇಕು. ಇನ್ನೊಂದು, ಗಟ್ಟಿ ಅಂದ ಮಾತ್ರಕ್ಕೆ ಭದ್ರ ಅಲ್ಲ. ಪ್ಯಾರಿಸ್ಸಿನಾಗೆ ಪಾಲಿಮರ್ ತುಂಬಿದ, ಲಿಥಿಯಂ ಲೋಹದ ಬ್ಯಾಟ್ರಿಯ ಬಸ್ಸುಗಳು ಓಡ್ತಿದ್ವು. 2022ರ ಏಪ್ರಿಲ್‌ನಾಗೆ ಎರಡು ಬಸ್ಸು ಹೊತ್ತಿ ಉರಿದ ಮೇಲೆ 149 ಬಸ್ಸನ್ನ ರಸ್ತೆಯಿಂದ ತೆಗೆದು ನಿಲ್ಲಿಸಿದ್ರು. ಗಂಧಕದ ಜಾತಿಯ ಇನ್ನೊಂದು ಗಟ್ಟಿ ಸರಕು ಐತೆ, ಲಿಥಿಯಂ ಅದರಾಗೆ ರಸದಾಗಿನಷ್ಟೇ ಚುರುಕಾಗಿ ಓಡತೈತೆ, ಆದ್ರೆ ತೇವ ತಗುಲಿದ್ರೆ ಕೊಳೆತ ಮೊಟ್ಟೆ ವಾಸನೆಯ ವಿಷಗಾಳಿ ಬಿಡತೈತೆ. "ಘನ" ಅಂಬೋ ಹೆಸರು ಕೇಳಿ ಮರುಳಾಗದೆ "ಯಾವ ಘನ, ಸುಟ್ಟು ನೋಡೀರಾ, ಜಜ್ಜಿ ನೋಡೀರಾ" ಅಂತಾನೇ ಕೇಳ್ಬೇಕು.

ಇನ್ನೊಂದು ಸಿಟ್ಟು ಐತೆ ನನಗೆ. ದೇಶದಾಗೆ ಮೊದಲು ವಿದ್ಯುತ್ ವಾಹನ ನೀತಿ ಮಾಡಿದ್ದು ನಮ್ಮ ಕರ್ನಾಟಕ, 2017ರಾಗೆ. ಕೇಂದ್ರದವರು 2021ರಾಗೆ ಬ್ಯಾಟ್ರಿ ಕಾರ್ಖಾನೆಗಳಿಗೆ ಅಂತ 18,100 ಕೋಟಿ ರೂಪಾಯಿ ಪ್ರೋತ್ಸಾಹಧನ ಇಟ್ರು. ಅದರಾಗೆ ಮುಖ್ಯ ಲೆಕ್ಕ ಯಾವ್ದು? ಎಷ್ಟು ಶಕ್ತಿ ತುಂಬತೈತೆ, ಎಷ್ಟು ಸಲ ಚಾರ್ಜ್ ತಡೀತೈತೆ. ಹತ್ತದ ರಸ ಮಾಡಿದವನಿಗೆ ಒಂದು ರೂಪಾಯಿ ಜಾಸ್ತಿ ಅಂತ ಯಾಕೆ ಇಡಬಾರದು? ದುಡ್ಡು ಎಲ್ಲಿ ಇಡ್ತಾರೋ ಬುದ್ಧಿ ಅಲ್ಲಿಗೆ ಹರೀತೈತೆ.

ಇಲ್ಲೇ ನಮ್ಮ ಮಗ್ಗುಲಾಗೆ ಕುದಾಪುರದ ಕಾವಲಿನಾಗೆ ಅದೇ ವಿಜ್ಞಾನ ಸಂಸ್ಥೆಗೆ 1,500 ಎಕರೆ ಕೊಟ್ಟಾರೆ. ದನ, ಕುರಿ ಮೇಯ್ತಿದ್ದ ಅಮೃತ್ ಮಹಲ್ ಕಾವಲು ಅದು. ಹುಲ್ಲು ಹೋತು, ಬೇಲಿ ಬಂತು. ಅಲ್ಲಿ ಶಾಲೆ ಮೇಷ್ಟ್ರುಗಳಿಗೆ ವಿಜ್ಞಾನ ತರಬೇತಿ ಕೊಡ್ತಾರೆ, ಅದು ಮೆಚ್ಚೋ ಕೆಲಸ. ಹಂಗೇ ವರ್ಷಕ್ಕೆ ಎರಡು ದಿನ ಸ್ತ್ರೀಶಕ್ತಿ ಸಂಘದವರನ್ನ ಕರೆದು, ಬ್ಯಾಟ್ರಿ ಒಳಗೆ ಏನೈತೆ, ಯಾವ್ದು ತಗಬೇಕು, ಯಾವ್ದು ಬಿಡಬೇಕು ಅಂತ ಕನ್ನಡದಾಗೆ ಹೇಳಿದ್ರೆ ಅವರ ಗಂಟೇನು ಹೋಗತೈತೆ? ನಮ್ಮ ಹುಲ್ಲುಗಾವಲಿನ ಬಾಡಿಗೆ ಅಂತ ತಿಳ್ಕಂಡು ಕೊಡಲಿ.

ನಾನು ಕೇಳೋದು ಇಷ್ಟು. ಸಿಲಿಂಡರಿನ ಅಕ್ಷರದಂಗೆ ಪ್ರತಿ ಬ್ಯಾಟ್ರಿ ಮೇಲೂ ಕನ್ನಡದಾಗೆ ದಪ್ಪಕ್ಷರದಾಗೆ ಬರೀಬೇಕು: ಸೆಲ್ ಯಾವ ಜಾತಿ, ಒಳಗಿನ ರಸ ಹತ್ತೋದಾ ಹತ್ತದ್ದಾ, ಮಾಡಿದ ತಿಂಗಳು ಯಾವ್ದು, ಯಾವ ಪರೀಕ್ಷೆ ಪಾಸಾಗೈತೆ. 25 ಕಿಲೋಮೀಟರಿನ ಗಾಡಿಯ ಬ್ಯಾಟ್ರಿಗೂ ದೊಡ್ಡ ಗಾಡಿಯ ಪರೀಕ್ಷೆನೇ ಆಗ್ಬೇಕು. ಸತ್ತ ಬ್ಯಾಟ್ರಿ ವಾಪಸ್ ತಗಳೋ ಹೊಣೆ ಮಾಡಿದವರದೇ ಅಂತ 2022ರ ಬ್ಯಾಟ್ರಿ ತ್ಯಾಜ್ಯ ನಿಯಮ ಹೇಳತೈತೆ, ಅದು ನಮ್ಮ ಅಂಗಡಿಗಳ ತನಕ ಬರಬೇಕು. ಬೆಂಕಿ ಬಿದ್ದಾಗ ಮೊದಲ ಪ್ರಶ್ನೆ "ಯಾರು ಚಾರ್ಜಿಗೆ ಹಾಕಿದ್ರು" ಅಂತ ಇರದೆ "ಒಳಗೆ ಏನು ತುಂಬಿದ್ರು" ಅಂತ ಇರಬೇಕು.

ಅಲ್ಲೀತನಕ ಗಾಡಿನ ಬಾಗಿಲಿಗೆ ಅಡ್ಡ ನಿಲ್ಲಿಸಬ್ಯಾಡ್ರಿ, ಆದಷ್ಟು ಹೊರಗೆ ಕಟ್ಟೆ ಮೇಲೆ ನೆರಳಿನಾಗೆ ಚಾರ್ಜ್ ಮಾಡ್ರಿ. ಓಡಿಸಿ ಬಂದ ತಕ್ಷಣ ಹಾಕಬ್ಯಾಡ್ರಿ, ಆರಲಿ. ಗಾಡಿ ಜೊತೆ ಬಂದ ಚಾರ್ಜರೇ ಇರಲಿ. ಬ್ಯಾಟ್ರಿ ಉಬ್ಬಿದ್ರೆ, ಹಣ್ಣು ಕೊಳೆತಂಥ ಸಿಹಿ ವಾಸನೆ ಬಂದ್ರೆ, ಸುಯ್ಯಂತ ಸದ್ದು ಬಂದ್ರೆ, ಮಕ್ಕಳನ್ನ ಎತ್ಕಂಡು ಹೊರಗೆ ಬರ್ರಿ, ಆಮೇಲೆ 112ಕ್ಕೆ ಫೋನ್ ಮಾಡ್ರಿ. ಹೊಗೆ ಒಳಕ್ಕೆ ಹೋಗಿ ಗಾಡಿ ಎಳೆಯೋ ಸಾಹಸ ಯಾರೂ ಮಾಡಬ್ಯಾಡ್ರಿ.

ಇಷ್ಟೆಲ್ಲ ಹೇಳಿದ್ದಕ್ಕೆ "ನೋಡು, ಎಚ್ಚರ ಇರೋದು ಮತ್ತೆ ನಿಮ್ಮ ಕೆಲಸಾನೇ ಆತಲ್ಲ" ಅಂತ ನಗೋರು ನಗಲಿ. ಎಚ್ಚರ ನಾವು ಇದ್ದೇ ಇರ್ತೀವಿ, ಒಲೆ ಮುಂದೆ ಹುಟ್ಟಿದವರು. ಹಂಗಂತ ಅವರ ಪಾಲಿನ ಕೆಲಸ ಬಿಟ್ಟುಕೊಡಕ್ಕೆ ಆಗಲ್ಲ. ಈ ಸಲ ಯಾರ ಮನೆಗೆ ಗಾಡಿ ತಂದ್ರೂ ಅಂಗಡಿಗೆ ಒಬ್ಬಳೇ ಹೋಗಬ್ಯಾಡ್ರಿ, ನಾಲ್ಕು ಜನ ಹೋಗ್ರಿ. ನಾಲ್ಕು ಜನಾನೂ ಒಂದೇ ಪ್ರಶ್ನೆ ಕೇಳ್ರಿ. ಒಬ್ಬಳು ಕೇಳಿದ್ರೆ ಆ ಹುಡುಗ ನಗ್ತಾನೆ. ನಾಲ್ಕು ಜನ ಕೇಳಿದ್ರೆ ಫೋನ್ ಎತ್ತಿ ಕಂಪನಿಯವರನ್ನ ಕೇಳ್ತಾನೆ.